ಮಾವನ ಮನೆ ಹಂಡೆಯಿಂದ ವಾರಾಹಿಯವರೆಗೆ: ನೀರು ಕರೆಂಟಾಗುವ ಬಗೆ

ಒಂದು ಜುಲೈಯಲ್ಲಿ ಉಡುಪಿಯ ನಮ್ಮ ಓಣಿಗೆ ಎರಡು ದಿನ ಕರೆಂಟಿರಲಿಲ್ಲ. ಗಾಳಿಗೆ ಎಲ್ಲೋ ಹಲಸಿನ ಮರ ಲೈನಿನ ಮೇಲೆ ಬಿದ್ದಿತ್ತು. ಇನ್ವರ್ಟರ್ ಮೊದಲ ರಾತ್ರಿಯೇ ಕೈಕೊಟ್ಟಿತು. ಮರುದಿನ ಚಾರ್ಜರ್ ಜೇಬಿಗೆ ಹಾಕಿಕೊಂಡು ಹೊಸಂಗಡಿ ಕಡೆಯ ಮಾವನ ಮನೆಗೆ ಹೊರಟೆ. ಅಲ್ಲೂ ಲೈನ್ ಕರೆಂಟ್ ಹೋಗಿ ಮೂರು ದಿನ ಆಗಿತ್ತು. ಆದರೂ ಜಗಲಿಯಲ್ಲಿ ನಡು ಮಧ್ಯಾಹ್ನವೇ ಬಲ್ಬ್ ಉರಿಯುತ್ತಿತ್ತು. ಕೊಟ್ಟಿಗೆಯಲ್ಲೂ ಉರಿಯುತ್ತಿತ್ತು. ಯಾರೂ ಇಲ್ಲದ ಚಾವಡಿಯಲ್ಲಿ ಫ್ಯಾನು, ಟಿವಿ, ಹಳೇ ಕಾಲದ ನೂರು ವ್ಯಾಟಿನ ಬಲ್ಬು ಎರಡು, ಎಲ್ಲಾ ನಡೆಯುತ್ತಿದ್ದವು.

ಅಭ್ಯಾಸ ನೋಡಿ, ನಾನು ಒಂದೊಂದಾಗಿ ಆಫ್ ಮಾಡುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಅತ್ತೆ ಕೂಗಿದರು: "ಯಾರದು ಲೈಟ್ ಆಫ್ ಮಾಡಿದ್ದು? ಇಲ್ಲಿ ಹಂಡೆ ಕುದೀತಾ ಉಂಟು!"

ಲೈಟ್ ಆಫ್ ಮಾಡಿದ್ದಕ್ಕೆ ಬೈಸಿಕೊಂಡದ್ದು ಜೀವನದಲ್ಲಿ ಅದೇ ಮೊದಲು. ಆ ಬೈಗುಳ ಅರ್ಥವಾದರೆ ಜಲವಿದ್ಯುತ್ತಿನ ಅರ್ಧ ಪಾಠ ಮುಗಿದ ಹಾಗೆ.

ಮಾವನ ತೋಟದ ಮೇಲೆ ಗುಡ್ಡೆಯಿಂದ ಒಂದು ತೋಡು ಇಳಿಯುತ್ತದೆ. ಮೊದಲು ಅದರ ನೀರು ದಂಬೆಯಲ್ಲಿ ಅಡಿಕೆ ಮರಗಳ ಬುಡಕ್ಕೆ ಬರುತ್ತಿತ್ತು. ಈಗ ಮೇಲೆ ಒಂದು ಸಣ್ಣ ಸಿಮೆಂಟ್ ತೊಟ್ಟಿ ಇದೆ. ಅದಕ್ಕೆ ಕಸ ತಡೆಯುವ ಜಾಲರಿ. ಅಲ್ಲಿಂದ ಪಿವಿಸಿ ಪೈಪು ನೇರ ಕೆಳಗೆ, ಮನೆಯ ಹಿಂದಿನ ಶೆಡ್ಡಿಗೆ. ಪೈಪಿನ ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ತೂತಿನ ನಾಝಲ್. ಅದರಿಂದ ಹೊರಡುವ ನೀರು ಒಂದು ಪುಟ್ಟ ಚಕ್ರಕ್ಕೆ ರಪ್ಪನೆ ಬಡಿಯುತ್ತದೆ. ಚಕ್ರದ ಶಾಫ್ಟಿಗೆ ಜೋಡಿಸಿದ್ದು ಸಾಮಾನ್ಯ ಇಂಡಕ್ಷನ್ ಮೋಟರ್. ಪಂಪಿನ ಮೋಟರಿಗೆ ನಾವು ಕರೆಂಟ್ ಕೊಟ್ಟರೆ ಅದು ತಿರುಗುತ್ತದೆ ಅಲ್ವಾ? ಅದನ್ನೇ ಕೆಪಾಸಿಟರ್ ಜೋಡಿಸಿ ನಾವು ಬೇಕಾದ ವೇಗದಲ್ಲಿ ತಿರುಗಿಸಿದರೆ ಅದು ಕರೆಂಟ್ ಕೊಡುತ್ತದೆ. ಇಷ್ಟೇ ಯಂತ್ರ. ಇದಕ್ಕೆ ಪಿಕೋ ಹೈಡ್ರೋ ಎನ್ನುತ್ತಾರೆ. ಘಟ್ಟದ ಬುಡದ ಊರುಗಳಲ್ಲಿ, ಮಲೆನಾಡಿನಲ್ಲಿ ಇಂಥವು ತುಂಬಾ ಇವೆ.

ಲೆಕ್ಕವೂ ಕಷ್ಟದ್ದಲ್ಲ. ಒಂದು ಲೀಟರ್ ನೀರು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಕೆಳಗಿಳಿದರೆ ಸಿಗುವ ಶಕ್ತಿ 9.8 ವ್ಯಾಟ್. ನೀರು ಜಾಸ್ತಿಯಾದಷ್ಟೂ, ಎತ್ತರ ಜಾಸ್ತಿಯಾದಷ್ಟೂ ಅದನ್ನು ಗುಣಿಸುತ್ತಾ ಹೋದರಾಯಿತು. ಮಾವ ನೀರು ಅಳೆದದ್ದು 20 ಲೀಟರಿನ ಬಕೆಟು ಮತ್ತು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು. ನಾಲ್ಕು ಸೆಕೆಂಡಿಗೆ ಬಕೆಟ್ ತುಂಬಿತು, ಅಂದರೆ ಸೆಕೆಂಡಿಗೆ 5 ಲೀಟರ್. ಎತ್ತರ ಅಳೆದದ್ದು ಗಾರೆಯವರ ಲೆವೆಲ್ ಪೈಪು ಹಿಡಿದು. 40 ಮೀಟರ್ ಸಿಕ್ಕಿತು. ಐದನ್ನು ನಲವತ್ತರಿಂದ, ಅದನ್ನು 9.8ರಿಂದ ಗುಣಿಸಿದರೆ 1,960 ವ್ಯಾಟ್. ಆದರೆ ಪೈಪಿನೊಳಗಿನ ಉಜ್ಜಾಟ, ಚಕ್ರ, ಮೋಟರು ಎಲ್ಲಾ ಸೇರಿ ಹತ್ತಿರ ಹತ್ತಿರ ಅರ್ಧ ತಿಂದುಬಿಡುತ್ತವೆ. ಮನೆಗೆ ಮುಟ್ಟುವುದು ಒಂದು ಸಾವಿರ ವ್ಯಾಟ್. ದೊಡ್ಡ ವಿದ್ಯುದಾಗಾರಗಳಲ್ಲಿ ಹೀಗೆ ಪೋಲಾಗುವುದು ಹತ್ತು ಪರ್ಸೆಂಟ್ ಆಸುಪಾಸು ಮಾತ್ರ.

ಸಾವಿರ ವ್ಯಾಟ್ ಕೇಳಲಿಕ್ಕೆ ಸಣ್ಣದು. ಆದರೆ ಅದು ಹಗಲೂ ರಾತ್ರಿ ನಿಲ್ಲದೆ ಬರುತ್ತದೆ. ದಿನಕ್ಕೆ 24 ಯೂನಿಟ್, ತಿಂಗಳಿಗೆ 720. ಗೃಹಜ್ಯೋತಿಯ ಮಿತಿ 200 ಯೂನಿಟ್ ಎಂಬುದನ್ನು ನೆನಪಿಸಿಕೊಂಡರೆ ಇದು ಎಷ್ಟು ಅಂತ ಗೊತ್ತಾಗುತ್ತದೆ. ಅಷ್ಟೇ ಸಾಮರ್ಥ್ಯದ ಸೋಲಾರ್ ಪ್ಯಾನಲ್ ಒಳ್ಳೆ ಬಿಸಿಲಿನ ದಿನ ನಾಲ್ಕು ಯೂನಿಟ್ ಕೊಟ್ಟೀತು. ನಮ್ಮೂರಿನ ಆಟಿ ತಿಂಗಳ ಜಡಿಮಳೆಯಲ್ಲಿ ಅದನ್ನು ಕೇಳುವುದೇ ಬೇಡ.

ಇನ್ನು ಹಂಡೆಯ ವಿಷಯ. ಮಾವನ ಯಂತ್ರಕ್ಕೆ ಬ್ಯಾಟರಿ ಇಲ್ಲ. ನೀರು ಒಂದೇ ಸಮನೆ ಬಡಿಯುತ್ತಿರುತ್ತದೆ. ಮನೆಯವರು ಬಳಸಲಿ ಬಿಡಲಿ, ಸಾವಿರ ವ್ಯಾಟ್ ಹುಟ್ಟುತ್ತಲೇ ಇರುತ್ತದೆ. ಹುಟ್ಟಿದ ಕರೆಂಟು ಆ ಕ್ಷಣವೇ ಎಲ್ಲಾದರೂ ಖರ್ಚಾಗಬೇಕು. ಇಲ್ಲದಿದ್ದರೆ ಚಕ್ರದ ಮೇಲಿನ ಹೊರೆ ಇಳಿದು ಅದು ಹುಚ್ಚಾಪಟ್ಟೆ ತಿರುಗುತ್ತದೆ. ವೋಲ್ಟೇಜ್ ಏರುತ್ತದೆ, ಬಲ್ಬುಗಳು ಸುಡುತ್ತವೆ. ಅದಕ್ಕೇ ಗೋಡೆಯಲ್ಲಿ ಒಂದು ಕಂಟ್ರೋಲರ್ ಪೆಟ್ಟಿಗೆ ಇದೆ. ಮನೆ 300 ವ್ಯಾಟ್ ಬಳಸಿದರೆ ಅದು ಉಳಿದ 700 ವ್ಯಾಟನ್ನು ಹಂಡೆಯೊಳಗಿನ ಹೀಟರ್ ಕಾಯಿಲಿಗೆ ಕಳಿಸುತ್ತದೆ. ಮನೆ ಪೂರ್ತಿ ಬಳಸಿದರೆ ಹಂಡೆಗೆ ಏನೂ ಇಲ್ಲ. ನಾನು ಟಿವಿ, ಫ್ಯಾನು, ಬಲ್ಬು ಆರಿಸಿದ್ದೇ ತಡ, ಎಲ್ಲವೂ ಅತ್ತೆಯ ಹಂಡೆಗೆ ಹೋಗಿತ್ತು.

ಈಗ ಅದೇ ಊರಿನ ಇನ್ನೊಂದು ವಿದ್ಯುದಾಗಾರಕ್ಕೆ ಬರೋಣ. ಮಾವನ ಮನೆಯಿಂದ ಅಷ್ಟೇನೂ ದೂರವಿಲ್ಲ, ಆದರೆ ಕಣ್ಣಿಗೆ ಕಾಣುವುದಿಲ್ಲ. ವಾರಾಹಿ ಭೂಗರ್ಭ ವಿದ್ಯುದಾಗಾರ ಹೆಸರೇ ಹೇಳುವ ಹಾಗೆ ಗುಡ್ಡದ ಹೊಟ್ಟೆಯೊಳಗಿದೆ. ಹೊಸಂಗಡಿಯಿಂದ ಬಾಳೆಬರೆ ಘಾಟಿ ಹತ್ತಿ ಹುಲಿಕಲ್ ದಾಟಿದರೆ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕು. ಅಲ್ಲಿ ವಾರಾಹಿಗೆ ಕಟ್ಟಿದ್ದು ಮಾಣಿ ಅಣೆಕಟ್ಟು. ಮೇಲೆ ನಿಂತ ನೀರು ಬಂಡೆಯೊಳಗಿನ ಸುರಂಗದಲ್ಲಿ ಘಟ್ಟ ಇಳಿದು, ನಮ್ಮ ಜಿಲ್ಲೆಯ ಗಡಿಯೊಳಗೆ ಟರ್ಬೈನು ತಿರುಗಿಸುತ್ತದೆ. ತಲಾ 115 ಮೆಗಾವ್ಯಾಟಿನ ನಾಲ್ಕು ಯಂತ್ರ, ಒಟ್ಟು 460 ಮೆಗಾವ್ಯಾಟ್. ಮೊದಲ ಎರಡು 1989-90ರ ಹೊತ್ತಿಗೆ ಶುರುವಾದವು, ಇನ್ನೆರಡು 2009ರಲ್ಲಿ.

ಮಾವನದ್ದು 40 ಮೀಟರ್ ಎತ್ತರ, ವಾರಾಹಿಯದ್ದು ಅಂದಾಜು 450 ಮೀಟರ್. ಈ ಎತ್ತರ ಏನು ಮಾಡುತ್ತದೆ ಅಂತ ನೋಡಲಿಕ್ಕೆ ನಿಮ್ಮ ತಾರಸಿಯ ಕಪ್ಪು ನೀರಿನ ಟ್ಯಾಂಕನ್ನೇ ತೆಗೆದುಕೊಳ್ಳಿ. ಸಾವಿರ ಲೀಟರಿನದ್ದು. ಹತ್ತು ಮೀಟರ್ ಎತ್ತರದ ತಾರಸಿಯಿಂದ ಅಷ್ಟೂ ನೀರನ್ನು ಒಂದಿಷ್ಟೂ ಪೋಲಾಗದೆ ಕರೆಂಟ್ ಮಾಡಿದರೂ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಮೂರು ಗಂಟೆ ಉರಿದೀತು, ಅಷ್ಟೇ. ಅದೇ ಟ್ಯಾಂಕನ್ನು ವಾರಾಹಿಯ ಎತ್ತರದಿಂದ ಖಾಲಿ ಮಾಡಿದರೆ ಸರಿಸುಮಾರು ಒಂದು ಯೂನಿಟ್ ಸಿಗುತ್ತದೆ. ಒಂದು ಟ್ಯಾಂಕಿಗೆ ಒಂದು ಯೂನಿಟ್. ಈ ಲೆಕ್ಕ ತಲೆಗೆ ಹೊಕ್ಕಿದ ಮೇಲೆ ನನಗೆ ಗೀಸರ್ ಹಾಕುವಾಗೆಲ್ಲ ಘಟ್ಟದ ಮೇಲಿನಿಂದ ಕಪ್ಪು ಟ್ಯಾಂಕುಗಳು ಉರುಳುವ ಹಾಗೆ ಕಾಣುತ್ತದೆ. ಅಲ್ಲಿನ ಒಂದು ಯಂತ್ರ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಸೆಕೆಂಡಿಗೆ ಸುಮಾರು 29 ಟ್ಯಾಂಕು ನೀರು ಬೇಕು.

ಎರಡೂ ಕಡೆ ಇರುವ ಚಕ್ರ ಒಂದೇ ಜಾತಿಯದ್ದು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅದರ ಹೆಸರು ಪೆಲ್ಟನ್ ಚಕ್ರ. ಲೆಸ್ಟರ್ ಪೆಲ್ಟನ್ ಎಂಬಾತ ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಸೀಮೆಯಲ್ಲಿ ಕೆಲಸ ಮಾಡುತ್ತಾ ಮಾಡಿದ್ದು. 1880ರಲ್ಲಿ ಪೇಟೆಂಟ್ ಸಿಕ್ಕಿತು. ಚಕ್ರದ ಸುತ್ತ ಸೌಟುಗಳನ್ನು ಜೋಡಿಸಿದ ಹಾಗಿರುತ್ತದೆ. ಒಂಟಿ ಸೌಟಲ್ಲ, ಎರಡು ಸೌಟು ಅಂಟಿಸಿ ನಡುವೆ ಒಂದು ಚೂಪು ಏಣು ಬಿಟ್ಟ ಹಾಗೆ. ನೀರಿನ ಧಾರೆ ಆ ಏಣಿಗೆ ಬಡಿದು ಇಬ್ಭಾಗವಾಗಿ, ಎರಡೂ ಸೌಟುಗಳ ಒಳಮೈ ಸವರಿ ಹಿಂದಕ್ಕೆ ತಿರುಗುತ್ತದೆ. ಹಿಂದಕ್ಕೆ ತಿರುಗುವುದರಲ್ಲೇ ಇರುವುದು ಜಾಣತನ. ಸೌಟುಗಳು ಧಾರೆಯ ಅರ್ಧ ವೇಗದಲ್ಲಿ ಓಡುತ್ತಿದ್ದರೆ, ಹೊರಬೀಳುವ ನೀರಿನಲ್ಲಿ ಓಟವೇ ಉಳಿದಿರುವುದಿಲ್ಲ. ಅದು ಸುಸ್ತಾಗಿ ಸುಮ್ನೆ ಕೆಳಗೆ ಬೀಳುತ್ತದೆ. ಮಾವನಿಗೆ ಸೂತ್ರ ಗೊತ್ತಿಲ್ಲ, ಆದರೆ ಶೆಡ್ಡಿನ ಗೋಡೆ ನೋಡಿ ಹೇಳುತ್ತಾರೆ. "ಗೋಡೆಗೆ ನೀರು ರಾಚಿದರೆ ಚಕ್ರ ಸರಿ ಕೂತಿಲ್ಲ ಅಂತ. ಕಾಲ ಬುಡದಲ್ಲಿ ಬಿದ್ದರೆ ಸರಿ ಉಂಟು." ನೀರು ಹಾರಿದರೆ ಅದರಲ್ಲಿ ಶಕ್ತಿ ಉಳಿದಿದೆ, ನಮಗೆ ಸಿಗಲಿಲ್ಲ ಅಂತ ಅರ್ಥ. ವಾರಾಹಿಯಷ್ಟು ಎತ್ತರದಿಂದ ಬರುವ ಧಾರೆಯ ವೇಗ ಗಂಟೆಗೆ ಹತ್ತಿರ ಹತ್ತಿರ 340 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರಿಗೆ ಒಂದು ಗಂಟೆಯಲ್ಲಿ!

ಎತ್ತರ ಕಡಿಮೆ, ನೀರು ಜಾಸ್ತಿ ಇರುವಲ್ಲಿ ಪೆಲ್ಟನ್ ನಡೆಯುವುದಿಲ್ಲ. ಮಧ್ಯಮ ಎತ್ತರಕ್ಕೆ ಫ್ರಾನ್ಸಿಸ್ ಟರ್ಬೈನು. ಬಯಲಿನ ದೊಡ್ಡ ಹೊಳೆಗೆ ಹಡಗಿನ ಫ್ಯಾನಿನಂಥ ಕಪ್ಲಾನ್ ಟರ್ಬೈನು. ಇವು ಪೂರ್ತಿ ನೀರಿನೊಳಗೇ ಮುಳುಗಿ ತಿರುಗುತ್ತವೆ.

ಮತ್ತೆ ಹಂಡೆಗೆ ಬರುತ್ತೇನೆ. ಮಾವನ ಮನೆಯ ಕಷ್ಟವೇ ಇಡೀ ದೇಶದ ಕಷ್ಟ. ಹುಟ್ಟಿದಷ್ಟು ಕರೆಂಟು ಆ ಕ್ಷಣವೇ ಖರ್ಚಾಗಬೇಕು, ಬೇಕಾದಷ್ಟು ಆ ಕ್ಷಣವೇ ಹುಟ್ಟಬೇಕು. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುತ್ ಜಾಲವನ್ನು ಉಳಿದ ದೇಶದ ಜಾಲಕ್ಕೆ ಜೋಡಿಸಿದರು. ಅಂದಿನಿಂದ ವಾರಾಹಿಯ ಯಂತ್ರವೂ ಹಿಮಾಚಲದ ಯಂತ್ರವೂ ಒಂದೇ ತಾಳಕ್ಕೆ ತಿರುಗುತ್ತವೆ. ಆ ತಾಳ, ಅಂದರೆ ಕರೆಂಟಿನ ಹಿಂದೆ-ಮುಂದಿನ ತೂಗಾಟ, ಸೆಕೆಂಡಿಗೆ 50 ಸಲ. ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದರೆ ತಾಳ 50ಕ್ಕಿಂತ ಕೆಳಗೆ ಜಗ್ಗುತ್ತದೆ, ಒಟ್ಟಿಗೆ ಆರಿಸಿದರೆ ಮೇಲೆ ಹೋಗುತ್ತದೆ. ತೀರಾ ಆಚೀಚೆ ಆದರೆ ಸ್ಥಾವರಗಳು ಒಂದರ ಹಿಂದೊಂದು ತಾವಾಗೇ ಕಳಚಿಕೊಳ್ಳುತ್ತವೆ. ಇಡೀ ದೇಶಕ್ಕೆ ಕತ್ತಲೆ.

2020ರ ಏಪ್ರಿಲ್ 5 ನೆನಪಿದೆಯಾ? ಲಾಕ್‌ಡೌನ್ ಸಮಯ. ರಾತ್ರಿ 9 ಗಂಟೆಗೆ 9 ನಿಮಿಷ ಲೈಟ್ ಆರಿಸಿ ಹಣತೆ ಹಚ್ಚಿ ಅಂತ ಹೇಳಿದ್ದರು. ನಾವೂ ಮೆಟ್ಟಿಲ ಮೇಲೆ ಹಣತೆ ಇಟ್ಟು ನಿಂತಿದ್ದೆವು. ಆ ಕೆಲವು ನಿಮಿಷಗಳಲ್ಲಿ ದೇಶದ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಮತ್ತೆ ಅಷ್ಟೇ ಬೇಗ ಏರಿತು. ಇಂಥದ್ದನ್ನು ಕಲ್ಲಿದ್ದಲಿನ ಸ್ಥಾವರ ತಡೆಯಲಾರದು. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಸ್ಥಾವರ ಇದೆಯಲ್ಲ, ಅಂಥ ಬಾಯ್ಲರುಗಳು ಮದುವೆಮನೆಯ ಕಟ್ಟಿಗೆ ಒಲೆ ಇದ್ದ ಹಾಗೆ. ತಣ್ಣಗಾದದ್ದನ್ನು ಮತ್ತೆ ಹದಕ್ಕೆ ತರಲಿಕ್ಕೆ ಗಂಟೆಗಟ್ಟಲೆ ಬೇಕು. ಜಲವಿದ್ಯುತ್ ಗ್ಯಾಸ್ ಒಲೆ. ನೀರಿನ ವಾಲ್ವ್ ತಿರುಗಿಸಿದರೆ ನಿಮಿಷಗಳಲ್ಲಿ ಇಳಿಯುತ್ತದೆ, ನಿಮಿಷಗಳಲ್ಲಿ ಏರುತ್ತದೆ. ಆ ರಾತ್ರಿ ದೇಶದ ಜಲವಿದ್ಯುತ್ ಸ್ಥಾವರಗಳು ಒಟ್ಟಿಗೆ 17,000 ಮೆಗಾವ್ಯಾಟಿಗೂ ಹೆಚ್ಚು ಇಳಿಸಿದವು, ಮನೆಗಳ ಲೈಟು ಮತ್ತೆ ಹತ್ತಿದಾಗ ಏರಿಸಿದವು. ನಮಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದದ್ದೇ ಅವರ ಕೆಲಸ.

ನನ್ನ ಪ್ರಕಾರ ಜಲವಿದ್ಯುತ್ತಿನ ಬೆಲೆ ಎಷ್ಟು ಯೂನಿಟ್ ಕೊಟ್ಟಿತು ಎನ್ನುವುದಕ್ಕಿಂತ ಯಾವಾಗ ಕೊಟ್ಟಿತು ಎನ್ನುವುದರಲ್ಲಿದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ನಡು ಮಧ್ಯಾಹ್ನ ಕರೆಂಟು ಸುರಿಯುತ್ತದೆ. ಸಂಜೆ ಆರೂವರೆಗೆ ನಾವೆಲ್ಲ ಮನೆಗೆ ಬಂದು ಲೈಟು, ಫ್ಯಾನು, ಮಿಕ್ಸಿ ಹಾಕುವ ಹೊತ್ತಿಗೆ ಸೂರ್ಯ ಸಮುದ್ರಕ್ಕೆ ಇಳಿದಾಗಿರುತ್ತದೆ. ಆ ಹೊತ್ತಿಗೆ ಕೈಗೆ ಸಿಗುವುದು ಜೂನ್-ಜುಲೈಯಲ್ಲಿ ಬಿದ್ದು ಮಾಣಿಯಲ್ಲೋ ಲಿಂಗನಮಕ್ಕಿಯಲ್ಲೋ ಎತ್ತರದಲ್ಲಿ ಕಾದು ಕೂತ ಮಳೆ. ಅಣೆಕಟ್ಟಿನ ನೀರು ಒಂಥರಾ ಅಟ್ಟದಲ್ಲಿಟ್ಟ ಹಪ್ಪಳ. ಬಿಸಿಲಿದ್ದಾಗ ಮಾಡಿದ್ದು ಮಳೆಯಲ್ಲಿ ತಿನ್ನುವುದು; ಇಲ್ಲಿ ಮಾತ್ರ ಮಳೆಯದ್ದನ್ನು ಬೇಸಿಗೆಗೆ.

ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ಪಂಪ್ಡ್ ಸ್ಟೋರೇಜ್. ಮೇಲೊಂದು ಕೆರೆ, ಕೆಳಗೊಂದು ಕೆರೆ. ಮಧ್ಯಾಹ್ನದ ಹೆಚ್ಚುವರಿ ಸೋಲಾರ್ ಕರೆಂಟಿನಲ್ಲಿ ನೀರನ್ನು ಮೇಲೆ ಎತ್ತುವುದು, ಸಂಜೆ ಕೆಳಗೆ ಬಿಟ್ಟು ಕರೆಂಟ್ ಮಾಡುವುದು. ನೂರು ಯೂನಿಟ್ ಹಾಕಿದರೆ ವಾಪಸ್ ಬರುವುದು 75ರಿಂದ 80. ಇಪ್ಪತ್ತು-ಇಪ್ಪತ್ತೈದು ಹೋದದ್ದು ನಷ್ಟವೇ. ಆದರೆ ಮಧ್ಯಾಹ್ನ ಯಾರಿಗೂ ಬೇಡವಾದದ್ದು ಸಂಜೆ ಎಲ್ಲರಿಗೂ ಬೇಕಾದ ಹೊತ್ತಿಗೆ ಸಿಕ್ಕಿತಲ್ಲ, ಅದು ಲಾಭ. ಕರ್ನಾಟಕದಲ್ಲಿ ಇಂಥದ್ದೊಂದು ಯೋಜನೆ ಶರಾವತಿ ಕಣಿವೆಗೆ ಬಂದಿದೆ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, 2,000 ಮೆಗಾವ್ಯಾಟ್. ಎರಡೂ ಜಲಾಶಯ ಈಗಾಗಲೇ ಇವೆ, ಹೊಸದಾಗಿ ಮುಳುಗಿಸುವುದೇನಿಲ್ಲ ಎನ್ನುವುದು ಸರಕಾರದ ವಾದ. ಸುರಂಗ, ರಸ್ತೆ ಎಲ್ಲಾ ಸಿಂಗಳೀಕದ ಅಭಯಾರಣ್ಯದಲ್ಲೇ ಹೋಗಬೇಕಲ್ಲ ಎನ್ನುವುದು ವಿರೋಧಿಸುವವರ ವಾದ. ತಂತ್ರ ಒಳ್ಳೆಯದೇ. ಜಾಗ ಅದೇ ಆಗಬೇಕಾ ಎನ್ನುವಲ್ಲಿ ನನಗೂ ತಕರಾರಿದೆ. ಕಾಡಿಲ್ಲದ ಬೋಳು ಗುಡ್ಡ, ಹಳೇ ಕಲ್ಲುಕ್ವಾರಿಗಳಲ್ಲೂ ಈ ಕೆಲಸ ಮಾಡಬಹುದು.

ಯಾಕೆಂದರೆ ನೀರಿನ ಕರೆಂಟಿಗೆ ಹೊಗೆ ಇಲ್ಲ ನಿಜ, ಲೆಕ್ಕ ಇದೆ. ನಮ್ಮ ಕಡೆಯವರು ಕೊಲ್ಲೂರು ಮುಗಿಸಿ ಸಿಗಂದೂರಿಗೆ ಹೋಗುವಾಗ ಲಾಂಚ್ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ನಮಗದು ಮೋಜು. ಅಲ್ಲಿಯವರಿಗೆ ಅದು ಆಸ್ಪತ್ರೆಗೆ ಹೋಗುವ ದಾರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ ಊರುಗಳು ಮುಳುಗಿದವು. ಉಳಿದವು ದ್ವೀಪದಂತಾದವು. ಅವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಅರವತ್ತು ವರ್ಷ! ಎದ್ದು ಬಂದ ಎಷ್ಟೋ ಕುಟುಂಬಗಳ ಜಾಗದ ಹಕ್ಕುಪತ್ರದ ತಂಟೆ ಇನ್ನೂ ಮುಗಿದಿಲ್ಲ. ರಾಜ್ಯ ಬೆಳಗಿದ್ದು ಯಾರ ಮನೆ ಕತ್ತಲೆಯಲ್ಲಿ ಎಂಬುದನ್ನು ಯೂನಿಟ್ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ಇನ್ನೊಂದು ಲೆಕ್ಕ ಕಡಲ ಬದಿಯದ್ದು. ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಮೊದಲು ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ ಉಪ್ಪುನೀರು ಒಳಗೆ ಬರುತ್ತಿತ್ತು. ವಿದ್ಯುದಾಗಾರಗಳು ವರ್ಷಪೂರ್ತಿ ಸಿಹಿನೀರು ಬಿಡಲು ಶುರುಮಾಡಿದ ಮೇಲೆ ಅಳಿವೆಯ ಉಪ್ಪು ಇಳಿಯಿತು. ಉಪ್ಪು ಬೇಡುವ ಬಳಚು, ನಮ್ಮ ತುಳುವರ ಮರುವಾಯಿ, ಅಲ್ಲಿ ಕ್ಷೀಣಿಸಿತು. ನೀರು ಕಡಿಮೆಯಾದರೆ ಮಾತ್ರ ಹಾಳು ಅಂದುಕೊಂಡಿದ್ದ ನನಗೆ ಇದು ಹೊಸ ಪಾಠ. ತಪ್ಪು ಹೊತ್ತಿಗೆ ಸಿಹಿನೀರು ಜಾಸ್ತಿಯಾದರೂ ಹಾಳೇ. ಜತೆಗೆ ಮುಳುಗಿದ ಗಿಡಮರ ನೀರಡಿಯಲ್ಲಿ ಕೊಳೆತು ಮೀಥೇನ್ ಅನಿಲ ಬಿಡುತ್ತದೆ. ಹಾಗಾಗಿ ಅಣೆಕಟ್ಟಿಗೆ ಪೂರ್ತಿ ಶುದ್ಧ ಎಂಬ ಸರ್ಟಿಫಿಕೇಟ್ ಕೊಡಲಾಗುವುದಿಲ್ಲ.

ಹಾಗಾದರೆ ಅಣೆಕಟ್ಟಿಲ್ಲದ ಸಣ್ಣ ಯೋಜನೆಗಳು ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ನಮ್ಮಲ್ಲಿ 25 ಮೆಗಾವ್ಯಾಟ್ ಒಳಗಿನದ್ದು ಸಣ್ಣ ಜಲವಿದ್ಯುತ್. 2019ರ ಮಾರ್ಚ್‌ವರೆಗೆ ನವೀಕರಿಸಬಹುದಾದ ಶಕ್ತಿ ಎಂಬ ಮರ್ಯಾದೆ ಇವಕ್ಕೆ ಮಾತ್ರ ಇತ್ತು, ಆಮೇಲೆ ದೊಡ್ಡವಕ್ಕೂ ಸಿಕ್ಕಿತು. ಆ ಗೆರೆ ದಾಟದ ಹಾಗೆ 24 ಚಿಲ್ಲರೆ ಮೆಗಾವ್ಯಾಟಿನ ಯೋಜನೆಗಳು ಹುಟ್ಟಿಕೊಂಡದ್ದು ಸುಮ್ನೆ ಅಲ್ಲ. ಒಂದು ಸಣ್ಣದೇ ಇರಬಹುದು. ಒಂದೇ ಹೊಳೆಗೆ ಸಾಲಾಗಿ ನಾಲ್ಕು ಕಟ್ಟಿದರೆ? ನೀರನ್ನು ಕಾಲುವೆಗೆ ತಿರುಗಿಸಿದ ಕಡೆ ಹೊಳೆಯ ಪಾತ್ರ ಬರೀ ಬಂಡೆ. ಕೆಳಗೆ ಗೇಟು ತೆರೆದಾಗ ಮಟ್ಟ ಏಕಾಏಕಿ ಏರುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಎಂದರೆ ಇವುಗಳಿಗೆ ಅಟ್ಟವೇ ಇಲ್ಲ. ಮಳೆಗಾಲದಲ್ಲಿ ಭರ್ತಿ ಓಡುತ್ತವೆ. ಆಗ ಪಂಪ್‌ಸೆಟ್ ಇಲ್ಲ, ಎಸಿ ಇಲ್ಲ, ರಾಜ್ಯಕ್ಕೆ ಕರೆಂಟಿನ ಹಸಿವೇ ಕಡಿಮೆ. ಮಾರ್ಚ್ ಬಂದಾಗ ಹೊಳೆಯೂ ಇಲ್ಲ, ಕರೆಂಟೂ ಇಲ್ಲ. ಘಟ್ಟದ ಕಾಡಿಗೆ ಕೈಹಾಕಿ ಪಡೆಯುವಂಥದ್ದು ಇದಲ್ಲ ಎಂದು ನನಗನಿಸುತ್ತದೆ. ಗುಂಡ್ಯ ಹೊಳೆಯ ದೊಡ್ಡ ಯೋಜನೆಗೆ ಒಪ್ಪಿಗೆ ಬೇಡ ಎಂದು ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಹೇಳಿತ್ತು.

ಇರುವುದನ್ನು ಚೆನ್ನಾಗಿ ಬಳಸುವುದು ಬೇರೆ ವಿಷಯ. ವಾರಾಹಿಯಲ್ಲಿ ಟರ್ಬೈನು ತಿರುಗಿಸಿದ ನೀರು ಖರ್ಚಾಗುವುದಿಲ್ಲ, ಎತ್ತರ ಮಾತ್ರ ಖರ್ಚಾಗುತ್ತದೆ. ಹೊರಬಂದದ್ದು ಸಿದ್ದಾಪುರದ ಕಡೆ ಕಾಲುವೆ ಹಿಡಿದು ಗದ್ದೆಗೆ ಹೋಗುತ್ತದೆ. ಉಡುಪಿ ನಗರದ ನಲ್ಲಿಗೂ ವಾರಾಹಿ ನೀರು ತರುವ ಯೋಜನೆ ಆಗಿದೆ. ಮಳೆ ಕೈಕೊಟ್ಟರೆ ಮಾತ್ರ ಎಲ್ಲಾ ಒಟ್ಟಿಗೆ ಕೈಕೊಡುತ್ತದೆ. 2023ರಲ್ಲಿ ಹಾಗೇ ಆಯಿತು. ಆಗಸ್ಟ್ ಒಣಗಿತು, ಜಲಾಶಯಗಳು ತುಂಬಲಿಲ್ಲ, ಅಕ್ಟೋಬರಿನಲ್ಲಿ ರಾಜ್ಯಕ್ಕೆ ಕರೆಂಟಿನ ಬರ.

ಮಾವನ ತೋಡಿಗೆ ಆ ವರ್ಷ ದೀಪಾವಳಿಗೇ ನೀರು ಸಾಲಲಿಲ್ಲ. ಮಾಮೂಲಿಗೆ ಸಂಕ್ರಾಂತಿವರೆಗೆ ಓಡುವ ಚಕ್ರ. ನೀರು ಸೆಕೆಂಡಿಗೆ ಎರಡು ಲೀಟರಿಗೆ ಇಳಿದರೆ ದಪ್ಪ ನಾಝಲಿನಲ್ಲಿ ಪೈಪೇ ಅರ್ಧ ಖಾಲಿಯಾಗುತ್ತದೆ. ಪೈಪು ತುಂಬಿರದಿದ್ದರೆ 40 ಮೀಟರ್ ಎತ್ತರದ ಒತ್ತಡ ಸಿಗುವುದಿಲ್ಲ. ಅದಕ್ಕೆ ಮಾವ ಈಗ ಮೂರು ಅಳತೆಯ ನಾಝಲ್ ಮಾಡಿಸಿಟ್ಟಿದ್ದಾರೆ. ನೀರು ಇಳಿದ ಹಾಗೆ ಸಣ್ಣದು, ಇನ್ನೂ ಸಣ್ಣದು. ವ್ಯಾಟ್ ಕಡಿಮೆಯಾದರೂ ನಾಲ್ಕು ಬಲ್ಬು ಉರಿಯುತ್ತವೆ.

ಮೊನ್ನೆ ಹೋದಾಗ ರಾತ್ರಿ ಊಟಕ್ಕೆ ಕೂತಿದ್ದೆವು. ಬಲ್ಬ್ ಮೆಲ್ಲಗೆ ಮಂಕಾಯಿತು. ಯಾರೂ ಸ್ವಿಚ್ ಬೋರ್ಡ್ ಕಡೆ ನೋಡಲಿಲ್ಲ. ಅತ್ತೆ ಸಾರು ಬಡಿಸುತ್ತಲೇ, "ಎಲೆ ಕಟ್ಟಿತು ಕಾಣ್ತದೆ" ಅಂದರು. ಮಾವ ಕೈ ತೊಳೆದು, ಕೊಡೆ, ಟಾರ್ಚು ಹಿಡಿದು ಗುಡ್ಡೆ ಹತ್ತಿದರು. ಹತ್ತು ನಿಮಿಷ ಕಳೆದಿರಬೇಕು. ಬಲ್ಬ್ ಒಮ್ಮೆ ಮಿಣುಕಿ ಪೂರ್ತಿ ಹೊತ್ತಿತು. ಜಾಲರಿಗೆ ಕೈ ಹಾಕಿದ್ದು ಮನೆಯಲ್ಲಿ ಕೂತೇ ನಮಗೆ ಗೊತ್ತಾಯಿತು. ಅವರು ಇಳಿದು ಬರುವಷ್ಟರಲ್ಲಿ ಸಾರು ತಣ್ಣಗಾಗಿತ್ತು, ಅತ್ತೆ ಮತ್ತೆ ಬಿಸಿಗಿಟ್ಟರು.